ಹುಡುಕದೆ ಬಿಟ್ಟ ಹೊಳೆ

ಜೂನ್ ಹನ್ನೊಂದು, ಮಂಗಳವಾರ ಸಂಜೆ

ಪ್ರೀತಿಯ ಮರೀ,

ಹೇಗಿದ್ದೀಯ? ಕಾಲು ಊದಿಕೊಳ್ಳುವುದು ಕಡಿಮೆಯಾಯಿತಾ? ಕೂತಾಗಲೆಲ್ಲ ಒಂದು ಸ್ಟೂಲ್ ಎಳೆದುಕೊಂಡು ಕಾಲು ಮೇಲಿಟ್ಟುಕೋ ಅಂದಿದ್ದೆ. ಇಟ್ಟುಕೊಂಡಿರುವುದಿಲ್ಲ ಅಂತ ನನಗೆ ಗೊತ್ತು. ನಿನ್ನ ಎರಡು ಕಾಗದಕ್ಕೂ ನಾನು ಉತ್ತರ ಬರೆಯಲಿಲ್ಲ. ಫೋನಿನಲ್ಲಿ ಮಾತಾಡಿದರೂ ಹವಾಮಾನ ವರದಿ ಓದಿದ ಹಾಗೆ ಮಾತಾಡಿ ಇಟ್ಟುಬಿಟ್ಟೆ. ಕೆಲಸ ಇತ್ತು ಅನ್ನಬಹುದು, ಇತ್ತು ಕೂಡ. ಆದರೆ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ನನ್ನ ಸಬೂಬು ಗೊತ್ತಾಗದೆ ಇರುತ್ತದೆಯೇ! ತಡವಾದದ್ದನ್ನು ಹೊಟ್ಟೆಗೆ ಹಾಕಿಕೋ. ಅಲ್ಲಿ ಈಗ ಜಾಗ ಕಡಿಮೆ ಅಂತ ಗೊತ್ತು, ಆದರೂ ನನಗೊಂದು ಮೂಲೆ ಮಾಡಿಕೊಡು.

ನಿಮ್ಮಪ್ಪ ಚೆನ್ನಾಗಿದ್ದಾರೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಅಂಗಡಿಗೆ ಹೋಗುತ್ತಾರೆ. ಈಗ ಕೈಗಡಿಯಾರ ರಿಪೇರಿಗೆ ಬರುವವರೇ ಇಲ್ಲ, ಬರೀ ಸೆಲ್ ಹಾಕಿಸುವವರು. ಆದರೂ ಒಂಬತ್ತಕ್ಕೆ ಬಾಗಿಲು ತೆಗೆಯದಿದ್ದರೆ ಊರಿನ ಗಡಿಯಾರಗಳೆಲ್ಲ ನಿಂತುಹೋಗುತ್ತವೆ ಅನ್ನುವ ಹಾಗೆ ಓಡುತ್ತಾರೆ. ಮೊಮ್ಮಗುವಿಗೆ ಅಂತ ಒಂದು ತೂಗುತೊಟ್ಟಿಲು ಕೊಂಡು ತಂದಿದ್ದಾರೆ. ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದರು. ಪ್ರತಿ ಸಲವೂ ಒಂದು ತಿರುಪು ಉಳಿಯುತ್ತದೆ. ನಾನು ನಕ್ಕರೆ ಅವರಿಗೆ ಸಿಟ್ಟು.

ಭಾನುವಾರ ಅಳಿಯ ಫೋನ್ ಮಾಡಿದ್ದ. ನಿನಗೆ ಹೇಳಿರಲಿಕ್ಕಿಲ್ಲ. "ಅತ್ತೇ, ಹೆರಿಗೆಗೆ ನೀವು ಬರೋಕಾಗಲ್ಲ ಅಂದ್ರೆ ಬೇಡ ಬಿಡಿ, ನಾನು ನೋಡ್ಕೋತೀನಿ. ಆದ್ರೆ ಯಾಕೆ ಅಂತ ಒಂದು ಮಾತು ಅವಳಿಗೆ ಹೇಳ್ಬಿಡಿ. ಊಟಕ್ಕೆ ಕೂತವಳು ಸುಮ್ಮಸುಮ್ಮನೆ ಅಳ್ತಾಳೆ. ಅಮ್ಮನಿಗೆ ನಾನು ಬೇಡವಾಗಿದ್ದೀನಿ ಅಂತಾಳೆ," ಅಂದ. "ಹಾಲು ಉಕ್ತಾ ಇದೆ," ಅಂತ ಸುಳ್ಳು ಹೇಳಿ ಇಟ್ಟುಬಿಟ್ಟೆ. ಒಳ್ಳೆಯ ಹುಡುಗ ಅವನು. ಹುಡುಗನ ಕಿವಿ ಸ್ವಲ್ಪ ಅಗಲವಾಯಿತು ಅಂತ ನಾನು ಮದುವೆಗೆ ಮುಂಚೆ ಅಂದಿದ್ದೆನಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ನೀನು ಆ ಊರಿಗೆ ಹೋಗಿ ನಾಲ್ಕು ವರ್ಷವಾಯಿತು. ನಿಮ್ಮಪ್ಪ ಎಷ್ಟೋ ಸಲ ಬಂದುಹೋದರು. ನಾನು ಒಮ್ಮೆಯೂ ಬರಲಿಲ್ಲ. ಒಂದು ಸಲ ಬೆನ್ನುನೋವು, ಒಂದು ಸಲ ಆಫೀಸು, ಒಂದು ಸಲ ಬಸ್ಸಿನಲ್ಲಿ ವಾಂತಿಯಾಗುತ್ತದೆ ಅಂದೆ. ಕಳೆದ ತಿಂಗಳು ನೀನು ಕೇಳಿಯೇಬಿಟ್ಟೆ, "ಹೆರಿಗೆಗೂ ಬರಲ್ವಾ?" ಅಂತ. "ನೀನೇ ಇಲ್ಲಿಗೆ ಬಾ," ಅಂದೆ. ಡಾಕ್ಟರು ಪ್ರಯಾಣ ಮಾಡಬಾರದು ಅಂದಿದ್ದಾರೆ ಅಂತ ಗೊತ್ತಿದ್ದೂ ಅಂದೆ. ಅದಾದ ಮೇಲೆ ನೀನು ಮತ್ತೆ ಕೇಳಲಿಲ್ಲ.

ಈಗ ಹೇಳುತ್ತೇನೆ. ಎಲ್ಲಿಂದ ಶುರು ಮಾಡಲಿ ಅಂತ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಹಾಗಾಗಿ ಆಫೀಸಿನಿಂದಲೇ ಶುರು ಮಾಡುತ್ತೇನೆ.

ನಮ್ಮ ಇಂಗ್ಲಿಷ್-ಕನ್ನಡ ನಿಘಂಟು ಕೊನೆಗೂ ಡಬ್ಲ್ಯೂಗೆ ಬಂದು ತಲುಪಿದೆ. ನಮ್ಮಲ್ಲಿ ಒಂದು ಪದ್ಧತಿ ಇದೆಯಲ್ಲ, ನೀನು ಚಿಕ್ಕವಳಿದ್ದಾಗ ನೋಡಿದ್ದೀಯ. ಮಧ್ಯಾಹ್ನದ ಚಹಾ ಆದಮೇಲೆ ಒಬ್ಬೊಬ್ಬರೂ ತಾವು ಬರೆದ ಅರ್ಥವನ್ನು ಗಟ್ಟಿಯಾಗಿ ಓದಬೇಕು. ಪದ ಯಾವುದು ಅಂತ ಹೇಳಬಾರದು. ಉಳಿದವರು ಊಹಿಸಬೇಕು. ಯಾರೂ ಊಹಿಸದಿದ್ದರೆ ಅರ್ಥ ಸರಿಯಿಲ್ಲ, ಮತ್ತೆ ಬರೆಯಬೇಕು. ಈ ಸಲ ನನ್ನ ಮೇಜಿಗೆ ಬಂದದ್ದು 'ವಾಟರ್‌ಶೆಡ್'. ಮೊದಲು ನೋಡಿದಾಗ ಅದನ್ನು ಬೇರೆ ಚೀಟಿಗಳ ಕೆಳಗೆ ತಳ್ಳಿದೆ. ವಾರವಾದರೂ ಅಲ್ಲೇ ಇಟ್ಟೆ. ಪಕ್ಕದ ಮೇಜಿನ ಅಲ್ಪವಿರಾಮ ಕಿಚಾಯಿಸಲು ಶುರು ಮಾಡಿದ. ಎರಡು ಪದ ಸಿಕ್ಕರೆ ನಡುವೆ ಒಂದು ಅಲ್ಪವಿರಾಮ ಹಾಕದೆ ಬಿಡುವುದಿಲ್ಲ, ಅದಕ್ಕೇ ಅವನಿಗೆ ಆ ಹೆಸರು. "ಏನಕ್ಕಾ, ನೀರು ಕಂಡ್ರೆ ಬೆಕ್ಕಿನ ಥರ ಹಿಂದೆ ಹಿಂದೆ ಹೋಗ್ತೀರಲ್ಲ," ಅಂದ.

ಕೊನೆಗೆ ಬರೆದೆ. ಓದಿದೆ: "ಬಿದ್ದ ಮಳೆಯನ್ನು ಎರಡಾಗಿಸಿ ಬೇರೆ ಬೇರೆ ಹೊಳೆಗಳಿಗೆ ಕಳಿಸುವ ಎತ್ತರದ ನೆಲ."

"ಅಣ್ಣತಮ್ಮಂದಿರ ಪಾಲು!" ಅಂದ ಅಲ್ಪವಿರಾಮ. ಎಲ್ಲರೂ ನಕ್ಕರು.

ನಮ್ಮ ಸಂಪಾದಕರು ಮಾತ್ರ ಕನ್ನಡಕದ ಮೇಲಿಂದ ನೋಡಿ, "ಜಲವಿಭಾಜಕ. ಸರಿ ಇದೆ. ಆದ್ರೆ ಅರ್ಧ ಮಾತ್ರ ಬರ್ದಿದ್ದೀರಲ್ಲ. ಒಂದು ಹೊಳೆಗೆ ನೀರು ಕೊಡೋ ಇಡೀ ಸೀಮೆಗೂ ಅದೇ ಹೆಸರು. ಜಲಾನಯನ. ಅದೆಲ್ಲಿ? ಕಾಲ ಬದಲಾಗೋ ಘಟ್ಟಕ್ಕೂ ಹೇಳ್ತಾರೆ. ಅದೆಲ್ಲಿ?" ಅಂದರು.

"ಮೂರನೇದಕ್ಕೆ ಮೈಲಿಗಲ್ಲು ಅಂತ ಹಾಕೋಣ," ಅಂದ ಅಲ್ಪವಿರಾಮ.

ನನಗೆ ಎಲ್ಲಿತ್ತೋ ಸಿಟ್ಟು! "ಮೈಲಿಗಲ್ಲು ದಾಟಿದ ಮೇಲೆ ಬೇಕಂದ್ರೆ ಹಿಂದಕ್ಕೆ ಬಂದು ಅದ್ರ ಮೇಲೆ ಕೂತ್ಕೋಬಹುದು. ಇದರಲ್ಲಿ ಆಗಲ್ಲ. ಒಂದು ಕಡೆ ಇಳಿದ ನೀರು ಇನ್ನೊಂದು ಕಡೆಗೆ ಬರಲ್ಲ. ಅಷ್ಟೂ ಗೊತ್ತಿಲ್ದೆ ಇಲ್ಲಿ ಯಾಕೆ ಕೂತಿದ್ದೀಯ?" ಅಂದೆ. ಅವನ ಮುಖ ಸಪ್ಪಗಾಯಿತು. ನಾನು ಎದ್ದು ಕೈತೊಳೆಯುವಲ್ಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಎಷ್ಟು ಹೊತ್ತು ನಿಂತೆನೋ. ಸಂಪಾದಕರೇ ಬಂದು ನಲ್ಲಿ ನಿಲ್ಲಿಸಿ, "ಮನೆಗೆ ಹೋಗಿ, ನಾಳೆ ಬರೀರಿ," ಅಂದರು.

ನನಗೆ ಆ ಪದದ ಅರ್ಥ ಹುಡುಕಬೇಕಾಗಿರಲಿಲ್ಲ ಮರೀ. ನಾನು ಹುಟ್ಟಿದ್ದೇ ಅದರ ಮೇಲೆ.

ನಮ್ಮ ಹಳೆಯ ಮನೆ ನೀನು ನೋಡಿಲ್ಲ. ಉದ್ದನೆಯ ದಿಣ್ಣೆಯ ನೆತ್ತಿಯ ಮೇಲೆ ಒಂದು ಬೀದಿ, ಆ ಬೀದಿಯಲ್ಲಿ ನಮ್ಮ ಮನೆ. ಹಿತ್ತಲಿಗೆ ಬಿದ್ದ ಮಳೆ ಊರವರು ಎಡಗಡೆ ಅನ್ನುತ್ತಿದ್ದ ಹೊಳೆಗೆ, ಬೀದಿಗೆ ಬಿದ್ದ ಮಳೆ ಬಲಗಡೆ ಅನ್ನುತ್ತಿದ್ದ ಹೊಳೆಗೆ. ಎರಡೂ ಹೊಳೆ ಎಲ್ಲೂ ಕೂಡುವುದಿಲ್ಲ, ಬೇರೆ ಬೇರೆ ಸಮುದ್ರ ಸೇರುತ್ತವೆ. ಅದನ್ನೆಲ್ಲ ಅಳೆದು ನಕ್ಷೆ ಮಾಡಿದವರು ನಿನ್ನ ತಾತ, ನನ್ನ ಅಪ್ಪ. ನೀರಾವರಿ ಇಲಾಖೆಯಲ್ಲಿ ಅಳತೆಗಾರರು. "ಮನುಷ್ಯರು ಸುಳ್ಳು ಹೇಳ್ಬಹುದು, ಇಳಿಜಾರು ಹೇಳಲ್ಲ," ಅಂತ ಅವರು ಯಾವಾಗಲೂ ಅನ್ನುತ್ತಿದ್ದರು. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ನಾವು ಇಬ್ಬರು ಹೆಣ್ಣುಮಕ್ಕಳು. ತಂಗಿ ನನಗಿಂತ ಒಂದೂವರೆ ವರ್ಷ ಚಿಕ್ಕವಳು. ಬಾಯಿ ಬಿಟ್ಟರೆ ಮುಚ್ಚುತ್ತಿರಲಿಲ್ಲ, ಅವಳನ್ನು ಎಲ್ಲರೂ ಗಿಲಕಿ ಅಂತಲೇ ಕರೆಯುತ್ತಿದ್ದರು.

ನಿನಗೆ ಒಬ್ಬ ಚಿಕ್ಕಮ್ಮ ಇದ್ದಳು, ಚಿಕ್ಕಂದಿನಲ್ಲೇ ಜ್ವರ ಬಂದು ಹೋದಳು ಅಂತ ಹೇಳಿದ್ದೆ. ಅವಳಿಗೆ ಜ್ವರ ಬಂದಿರಲಿಲ್ಲ.

ನನಗೆ ಆಗ ಒಂಬತ್ತು. ಮಧ್ಯಾಹ್ನ ಮೋಡ ಒಡೆದ ಹಾಗೆ ಮಳೆ ಬಂತು, ಸ್ಕೂಲು ಬಿಟ್ಟರು. ಬೀದಿಯಲ್ಲಿ ಮೊಣಕಾಲುದ್ದ ನೀರು. ನಾವಿಬ್ಬರೂ ಕೈ ಹಿಡಿದುಕೊಂಡೇ ಬಂದೆವು. ಗೇಟಿನ ಹತ್ತಿರ ಬಂದಮೇಲೆ ಅವಳು ಕೈ ಬಿಡಿಸಿಕೊಂಡು, "ಮೊದಲು ನಾನು!" ಅಂತ ಓಡಿದಳು. ದಿನಾ ಹಾಗೇ ಓಡುತ್ತಿದ್ದಳು. ಆ ಬೇಸಿಗೆಯಲ್ಲಿ ಮನೆ ಮುಂದೆ ಹೊಸ ಚರಂಡಿ ತೋಡಿ ಚಪ್ಪಡಿ ಮುಚ್ಚಿದ್ದರು. ಒಂದು ಚಪ್ಪಡಿ ನೀರಿಗೆ ಸರಿದುಹೋಗಿದ್ದು ಯಾರಿಗೂ ಕಾಣುತ್ತಿರಲಿಲ್ಲ. ಅವಳ ಕೊಡೆ ನೀರಿನ ಮೇಲೆ ನಿಂತಿತ್ತು. ಅವಳಿರಲಿಲ್ಲ.

ನಾನು ಕಿರುಚಿದೆ. ಅಪ್ಪ ಬಂದರು, ಬೀದಿಯವರೆಲ್ಲ ಹಗ್ಗ, ಗಳ ಹಿಡಿದುಕೊಂಡು ಬಂದರು. ಚರಂಡಿ ಯಾವ ಕಡೆ ಹೋಗುತ್ತದೆ ಅಂತ ಗಲಾಟೆ ಶುರುವಾಯಿತು. ಒಬ್ಬರು ಎಡಕ್ಕೆ ಅಂದರು, ಇನ್ನೊಬ್ಬರು ಬಲಕ್ಕೆ ಅಂದರು. ಅಪ್ಪ ಕೂಗಿದರು, "ಈ ದಿಣ್ಣೆ ಅಳೆದವನು ನಾನು! ಈ ಗೇಟಿಂದ ಆಚೆ ಬಿದ್ದ ಒಂದೊಂದು ಹನಿಯೂ ಬಲಕ್ಕೇ ಹೋಗೋದು. ನಡೀರಿ ಬಲಕ್ಕೆ!" ಅಳೆದವರ ಮಾತಿಗೆ ಎದುರಾಡುವವರು ಯಾರು? ಎಲ್ಲರೂ ಬಲಕ್ಕೆ ಓಡಿದರು. ಬಲಗಡೆ ಹೊಳೆಯನ್ನು ಮೂರು ದಿನ ಜಾಲಾಡಿದರು. ಅವಳ ಒಂದು ರಿಬ್ಬನ್ ಕೂಡ ಸಿಗಲಿಲ್ಲ.

ನಿಮ್ಮಪ್ಪ ಅಂಗಡಿಯಿಂದ ಬಂದರು. ಉಳಿದದ್ದನ್ನು ನಾಳೆ ಬರೆಯುತ್ತೇನೆ.

ಬುಧವಾರ ಬೆಳಿಗ್ಗೆ

ಆಫೀಸಿಗೆ ರಜೆ ಹಾಕಿದ್ದೇನೆ. ಹೊರಗೆ ಜಿಟಿಜಿಟಿ ಹಿಡಿದಿದೆ. ಮಳೆ ಬಂದ ದಿನ ನಾನು ರೇಡಿಯೋ ಜೋರಾಗಿ ಇಡುತ್ತಿದ್ದೆ, ನೀನು ಪರೀಕ್ಷೆಗೆ ಓದುವಾಗ ಅದಕ್ಕೇ ನನ್ನ ಹತ್ತಿರ ಜಗಳವಾಡುತ್ತಿದ್ದೆ. ಚರಂಡಿಯಲ್ಲಿ ನೀರು ಹೋಗುವ ಸದ್ದು ಕೇಳಬಾರದು ಅಂತ ಇಡುತ್ತಿದ್ದೆ ಮರೀ. ಆ ಸದ್ದಿನೊಳಗೆ ಯಾರೋ ಒಂದೇ ಸಮನೆ ಮಾತಾಡುತ್ತಿರುತ್ತಾರೆ. ಇವತ್ತು ರೇಡಿಯೋ ಹಾಕಿಲ್ಲ.

ಎರಡು ವಾರ ಕಳೆದ ಮೇಲೆ ಮತ್ತೆ ಮಳೆ ಬಂತು. ಅಪ್ಪ ಕೊಡೆ ಇಲ್ಲದೆ ಹೋಗಿ ಚರಂಡಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತರು. ಜೇಬಿನಿಂದ ಪೆನ್ಸಿಲ್ ಹೆರೆದ ಸಿಪ್ಪೆ ತೆಗೆದು ನೀರಿಗೆ ಹಾಕಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಸಿಪ್ಪೆ ಎಡಕ್ಕೆ ಹೋಯಿತು. ಇನ್ನೊಂದು ಹಿಡಿ ಹಾಕಿದರು. ಅದೂ ಎಡಕ್ಕೇ ಹೋಯಿತು. ಚರಂಡಿ ತೋಡಿದವರು ದಿಣ್ಣೆಯ ನೆತ್ತಿಯನ್ನೇ ಸೀಳಿ, ತಮಗೆ ಸುಲಭವಾದ ಕಡೆಗೆ ಇಳಿಜಾರು ಕೊಟ್ಟಿದ್ದರು. ಹರಿಯೋ ನೀರಿಗೆ ದೊಣೆನಾಯಕನ ಅಪ್ಪಣೆ ಬೇಕೇ? ಅಪ್ಪನ ನಕ್ಷೆ ಸರಿಯಾಗಿಯೇ ಇತ್ತು. ನೀರು ಆ ನಕ್ಷೆಯ ಪ್ರಕಾರ ಹೋಗಿರಲಿಲ್ಲ, ಅಷ್ಟೇ.

ಅವರು ಒಳಗೆ ಬಂದು ಯಾರನ್ನೂ ನೋಡದೆ ಬೂಟು ಹಾಕಿಕೊಳ್ಳಲು ಕೂತರು. ಮೂಲೆಯಿಂದ ಹಗ್ಗ ತೆಗೆದುಕೊಂಡರು. ಅಮ್ಮ ಹೊಲಿಗೆ ಯಂತ್ರದಿಂದ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಳು. ಅವರ ಮುಖ ನೋಡಿಯೇ ಅವಳಿಗೆ ಎಲ್ಲ ಗೊತ್ತಾಗಿತ್ತು.

"ಎಲ್ಲಿಗೆ?"

"ಆ ಕಡೆ. ಎಡಗಡೆ ಹೊಳೆಗೆ."

"ಹೋಗ್ಬೇಡಿ."

"ಏನೇ ಹಾಗಂದ್ರೆ? ಇನ್ನೂ ಹುಡುಕಿಲ್ಲ ಅಲ್ಲಿ."

"ಅದಕ್ಕೇ ಹೋಗ್ಬೇಡಿ. ಹುಡುಕಿದ ಕಡೆ ಅವಳಿಲ್ಲ. ಹುಡುಕದೆ ಇರೋ ಕಡೆ ಇದ್ದಾಳೆ. ಯಾರೋ ಎತ್ಕೊಂಡಿದ್ದಾರೆ, ಸಾಕ್ತಾ ಇದ್ದಾರೆ. ನೀವು ಹೋಗಿ ಏನೋ ಒಂದು ತಂದು ನನ್ನ ಮುಂದೆ ಇಟ್ರೆ ಮುಗೀತು. ಅಷ್ಟೊಂದು ಅಳೆದ್ರಿ. ಇದೊಂದನ್ನ ಅಳೀಬೇಡಿ."

ಅಪ್ಪ ಹಗ್ಗವನ್ನು ಮತ್ತೆ ಮೂಲೆಗಿಟ್ಟರು. ಆಮೇಲೆ ಕೂತು ಬೂಟು ಬಿಚ್ಚಿದರು. ಸಂಪಾದಕರು ಮೂರನೇ ಅರ್ಥ ಎಲ್ಲಿ ಅಂತ ಕೇಳಿದರಲ್ಲ, ನನ್ನ ಮಟ್ಟಿಗೆ ಅದು ಮಳೆ ಬಂದ ದಿನವಲ್ಲ, ಅಪ್ಪ ಬೂಟು ಬಿಚ್ಚಿದ ದಿನ. ಅವರು ಮತ್ತೆ ದಿಣ್ಣೆ ಬಯಲು ಅಂತ ಹೋಗಲಿಲ್ಲ. ಇಲಾಖೆಯ ಕಚೇರಿಯೊಳಗೆ ಒಂದು ಕುರ್ಚಿ ಕೇಳಿ ಪಡೆದು, ಅಲ್ಲೇ ಕೂತು ಮುದುಕರಾದರು.

ಅಂದಿನಿಂದ ನಮ್ಮ ಮನೆಯವರು ಯಾರೂ ಎಡಕ್ಕೆ ಇಳಿಯಬಾರದು ಅಂತಾಯಿತು. ಯಾರೂ ಹಾಗಂತ ಬಾಯಿಬಿಟ್ಟು ಹೇಳಲಿಲ್ಲ. ಮದುವೆ, ಸಾವು, ಕೆಲಸ ಏನೇ ಬಂದರೂ ಆ ಕಡೆಗೆ ಹೋಗುತ್ತಿರಲಿಲ್ಲ. ಅಮ್ಮ ವರ್ಷಕ್ಕೊಮ್ಮೆ ನನಗೆ ಹೊಸ ಫ್ರಾಕ್ ಹೊಲಿಯುವಾಗ ಎರಡು ಹೊಲಿಯುತ್ತಿದ್ದಳು. ನನ್ನನ್ನು ನಿಲ್ಲಿಸಿ ಟೇಪು ಹಿಡಿದು, "ಹೋದ ವರ್ಷ ನೀನು ಎಷ್ಟಿದ್ಯೋ ಈ ವರ್ಷ ಅವಳು ಅಷ್ಟು," ಅನ್ನುವಳು. ಎರಡನೆಯದನ್ನು ಕಾಗದದಲ್ಲಿ ಸುತ್ತಿ ಎಡಗಡೆಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವಳು.

"ಯಾರಿಗೆ ಅಂತ ಕೊಡ್ಲಿ ಅಮ್ಮಾ?" ಅಂತ ಅವನು ಮೊದಲ ಸಲ ಕೇಳಿದ್ದ.

"ಈ ಅಳತೆಗೆ ಸರಿಹೋಗೋ ಹುಡುಗಿಗೆ," ಅಂದಿದ್ದಳು.

ಅವನು ನಗಲಿಲ್ಲ. ಮುಂದಿನ ವಾರ ಬಂದು, "ಕೊಟ್ಟೆ ಅಮ್ಮಾ, ಸರಿಯಾಗಿ ಹಿಡಿಸ್ತು," ಅಂದ. ಅಮ್ಮ ಹದಿನೈದು ದಿನ ಗುನುಗುತ್ತಾ ಓಡಾಡಿದಳು. ನನಗೆ ಮಾತ್ರ ಟೇಪು ಕಂಡರೆ ಭಯವಾಗುತ್ತಿತ್ತು. ನಾನು ಬೆಳೆದರೆ ಅವಳೂ ಬೆಳೆಯಬೇಕು, ನಾನು ಕಾಯಿಲೆ ಬಿದ್ದು ಸೊರಗಿದರೆ ಮುಂದಿನ ವರ್ಷ ಅವಳೂ ಸೊರಗುತ್ತಾಳೆ ಅಂತ ತಲೆಯಲ್ಲಿ ಕೂತಿತ್ತು. ತಟ್ಟೆಯಲ್ಲಿ ಒಂದು ಅಗುಳು ಬಿಡುತ್ತಿರಲಿಲ್ಲ. ನೀನು ಊಟ ಬಿಟ್ಟು ಏಳುವಾಗ ನಾನು ಯಾಕೆ ಅಷ್ಟು ಕೂಗಾಡುತ್ತಿದ್ದೆ ಅಂತ ಈಗ ಗೊತ್ತಾಯಿತಲ್ಲ.

ಅಮ್ಮ ಕೊನೆಯ ದಿನಗಳಲ್ಲೂ, "ಎಡಗಡೆಯವಳಿಗೆ ಈಗ ಮೊಮ್ಮಕ್ಕಳಾಗಿರ್ಬೇಕು," ಅನ್ನುತ್ತಿದ್ದಳು. ಅಪ್ಪ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಇಬ್ಬರೂ ಹೋದರು. ಆ ಕಡೆಯನ್ನು ಕಾಯಲು ಈಗ ಉಳಿದವಳು ನಾನೊಬ್ಬಳು.

ಆಮೇಲೆ ನಿನಗೆ ಕೆಲಸ ಸಿಕ್ಕಿತು. ನೀರು ಪರೀಕ್ಷೆಯ ಪ್ರಯೋಗಾಲಯ, ಅದೂ ಎಡಗಡೆ ಹೊಳೆಯ ದಂಡೆಯ ಊರಿನಲ್ಲಿ! ನೀನು ಕುಣಿದುಕೊಂಡು ಬಂದು ಹೇಳಿದಾಗ ನಾನು 'ಒಳ್ಳೆಯದಾಯಿತು' ಅಂದೆ. ಬೇಡ ಅನ್ನಲು ಕಾರಣ ಹೇಳಬೇಕಿತ್ತು. ದಿನಾ ಆ ಹೊಳೆಯ ನೀರನ್ನು ಶೀಶೆಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುತ್ತೇನೆ ಅಂತ ನೀನು ಬರೆದಿದ್ದೆ. ಆ ಕಾಗದ ಓದಿ ನಾನು ಎರಡು ದಿನ ಊಟ ಮಾಡಲಿಲ್ಲ.

ನನಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡ. ಐವತ್ತಾರು ವರ್ಷದವಳು, ದಿನವಿಡೀ ಪದಗಳ ಅರ್ಥ ಬರೆಯುವವಳು. ಏಳು ವರ್ಷದ ಮಗು ಚರಂಡಿಗೆ ಬಿದ್ದರೆ ಏನಾಗುತ್ತದೆ ಅಂತ ನನಗೆ ಗೊತ್ತಿಲ್ಲವೇ? ಗೊತ್ತು. ಗೊತ್ತಿರುವುದು ಒಂದು ಕಡೆ ಎಳೆಯುತ್ತದೆ, ಮನಸ್ಸು ಇನ್ನೊಂದು ಕಡೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ. ನಾನು ಆ ಊರಿಗೆ ಬಂದು ಬೀದಿಬೀದಿ ನೋಡಿ, ಅವಳು ಎಲ್ಲೂ ಇಲ್ಲ ಅಂತಾದರೆ ಅವಳು ಅವತ್ತೇ ಸಾಯುತ್ತಾಳೆ. ನಾನು ಬಂದದ್ದರಿಂದಲೇ ಸಾಯುತ್ತಾಳೆ. ಬೆನ್ನುನೋವು, ಆಫೀಸು, ವಾಂತಿ ಎಲ್ಲದರ ಕೆಳಗೆ ಇದ್ದದ್ದು ಇದೊಂದೇ ಭಯ.

ನಿಮ್ಮಪ್ಪನಿಗೆ ಮದುವೆಗೆ ಮುಂಚೆಯೇ ಹೇಳಿದ್ದೆ. ಅವರು ಇಷ್ಟು ವರ್ಷ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ಅಳಿಯನ ಫೋನಿನ ವಿಷಯ ಹೇಳಿದೆ. ಅವರು ಚಮಚ ಕೆಳಗಿಟ್ಟರು. "ನೋಡು, ಆ ಕಡೆ ಈಗ ಇಬ್ಬರಿದ್ದಾರೆ," ಅಂದರು. "ಒಬ್ಬಳು ಇದ್ದಾಳೋ ಇಲ್ವೋ, ದೇವರಿಗೇ ಗೊತ್ತು. ಇನ್ನೊಬ್ಬಳು ಊಟ ಬಿಟ್ಟು ಅಳ್ತಾ ಕೂತಿದ್ದಾಳೆ. ಅವಳನ್ನೂ ಹುಡುಕದೆ ಬಿಡ್ತೀಯಾ?"

ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಇಬ್ಬರ ಊಟವೂ ಆರಿಹೋಯಿತು. ಬಿಸಿ ಮಾಡಲು ಹೋದವರು ಪಾತ್ರೆ ಸೀಯಿಸಿದರು. ಆ ಪಾತ್ರೆ ಉಜ್ಜುತ್ತಾ ನಾನು ತೀರ್ಮಾನ ಮಾಡಿದೆ.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಹೆರಿಗೆಯಾಗಿ, ಮಗು ಕತ್ತು ನಿಲ್ಲಿಸುವ ತನಕ ಇರುತ್ತೇನೆ. ಬೇಡ ಅಂದರೂ ಇರುತ್ತೇನೆ. ಬೆಳಿಗ್ಗೆ ಫೋನಿನಲ್ಲಿ ರಜೆ ಕೇಳಿದ್ದಕ್ಕೆ ಸಂಪಾದಕರು, "ಡಬ್ಲ್ಯೂ ಎಲ್ಲಿಗೂ ಓಡಿಹೋಗಲ್ಲ, ಹೋಗಿ ಬನ್ನಿ," ಅಂದರು. ಅಲ್ಪವಿರಾಮನ ಹತ್ತಿರವೂ ಫೋನಿನಲ್ಲೇ ಕ್ಷಮೆ ಕೇಳಿದೆ. ಮಗುವಿಗೆ ಅಂತ ಒಂದು ಜೊತೆ ಸಣ್ಣ ಕಾಲುಚೀಲ ತಂದುಕೊಡುತ್ತೇನೆ ಅಂದಿದ್ದಾನೆ. ತೊಟ್ಟಿಲನ್ನು ನಿಮ್ಮಪ್ಪ ಹಿಂದಿನಿಂದ ತರುತ್ತಾರೆ, ಉಳಿದ ತಿರುಪಿನ ಸಮೇತ.

ಧೈರ್ಯವಾಗಿರು. ಭಾರ ಎತ್ತಬೇಡ. ಅಳಿಯನ ಮೇಲೆ ರೇಗಬೇಡ, ಅವನು ಹೇಳಿದ್ದಕ್ಕೇ ಈ ಕಾಗದ ಹುಟ್ಟಿದ್ದು. ನೀನೂ ನಿನ್ನ ಮಗುವೂ ನೂರು ಕಾಲ ತಣ್ಣಗೆ ಬಾಳಿ. ನಿನ್ನ ಒಡಲು ಸುಖವಾಗಿ ಹಗುರಾಗಲಿ.

ನಿನ್ನವಳೇ ಆದ,
ಅಮ್ಮ

ಮತ್ತೊಂದು ಮಾತು: ಇದನ್ನು ಬರೆಯಬಾರದು ಅಂತಲೇ ಕವರಿಗೆ ಅಂಟು ಹಚ್ಚಿದ್ದೆ. ಮತ್ತೆ ಬಿಡಿಸಿದೆ. ನೀನು ಪ್ರತಿ ತಿಂಗಳು ಹೊಟ್ಟೆ ಎಷ್ಟು ಬೆಳೆದಿದೆ ನೋಡು ಅಂತ ಫೋಟೋ ಕಳಿಸುತ್ತಿದ್ದೆಯಲ್ಲ, ಸೇತುವೆಯ ಮೇಲೆ, ಮಾರುಕಟ್ಟೆಯಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ ನಿಂತು. 'ಚೆನ್ನಾಗಿದೆ' ಅಂತ ಒಂದೇ ಪದ ಬರೆದು ಸುಮ್ಮನಾಗುತ್ತಿದ್ದೆ. ಅದರಿಂದ ನಿನಗೆ ನೋವಾಗಿರಬೇಕು. ನಿಜ ಹೇಳುತ್ತೇನೆ ಕಂದಾ, ಆ ಫೋಟೋಗಳಲ್ಲಿ ನಾನು ನಿನ್ನನ್ನು ನೋಡಲೇ ಇಲ್ಲ. ಎರಡು ಬೆರಳಿಟ್ಟು ದೊಡ್ಡದು ಮಾಡಿ, ನೀನು ಫೋಟೋದಿಂದ ಹೊರಗೆ ಹೋಗುವಷ್ಟು ದೊಡ್ಡದು ಮಾಡಿ, ನಿನ್ನ ಹಿಂದೆ ನಡೆದುಹೋಗುವ ನನ್ನ ವಯಸ್ಸಿನ ಹೆಂಗಸರ ಮುಖ ನೋಡುತ್ತಿದ್ದೆ. ಒಬ್ಬೊಬ್ಬರದ್ದೂ ನೋಡಿದ್ದೇನೆ. ಬಸುರಿಯಾದ ನನ್ನ ಮಗಳು ಹೇಗೆ ಕಾಣುತ್ತಾಳೆ ಅಂತ ಮಾತ್ರ ನನಗೆ ಗೊತ್ತಿಲ್ಲ. ಶನಿವಾರ ಬಸ್ ನಿಲ್ದಾಣದಲ್ಲಿ ನಾನು ಇಳಿಯುವಾಗ ಒಂದು ಗೋಡೆಗೆ ಒರಗಿ ನಿಂತಿರು. ನಿನ್ನ ಹಿಂದೆ ಯಾರೂ ಇರಬಾರದು.